ಪಂಚೆಯ ನೇರಳೆ ಕಲೆಗೆ ಯಾವ ಪುಡಿ?

ಮಾನ್ಯರೇ,

ಬಣ್ಣದ ನೀರನ್ನು ಶುದ್ಧ ಮಾಡುವ ಮ್ಯಾಗ್ನೆಟ್ ಪುಡಿ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ವರದಿ ಓದಿ ಖುಷಿಪಟ್ಟಿದ್ದೆ. ಆ ಖುಷಿ ನಿನ್ನೆ ಬೆಳಿಗ್ಗೆ ಎಂಟೂವರೆಯವರೆಗೆ ಇತ್ತು.

ನೆಂಟರ ಮನೆ ನಿಶ್ಚಿತಾರ್ಥಕ್ಕೆಂದು ಬಿಳಿ ಪಂಚೆ ಉಟ್ಟು ಕೆಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಾತ್ರಿಯ ಮಳೆಗೆ ನಮ್ಮೂರ ವೃಷಭಾವತಿ ನದಿ ರಸ್ತೆಗೇ ಬಂದಿದ್ದಳು. ಕಾರೊಂದು ಸುಂಯ್ ಎಂದು ಹೋಯಿತು. ಮೊಣಕಾಲಿನವರೆಗೆ ನೇರಳೆ. ಕೆಸರಲ್ಲ ಸ್ವಾಮಿ, ನೇರಳೆ! ಮೂರು ಸಲ ಸೋಪು, ಒಂದು ಸಲ ನಿಂಬೆಹಣ್ಣು ಉಜ್ಜಿದ್ದಾಯಿತು. ಮನೆಯವಳ ಬೈಗುಳ ಜಾಸ್ತಿಯಾಯಿತೇ ಹೊರತು ಕಲೆ ಹೋಗಲಿಲ್ಲ. ನಿಶ್ಚಿತಾರ್ಥದ ಊಟವೂ ತಪ್ಪಿತು.

ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಪುಡಿ ಸುಳ್ಳಲ್ಲ. ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಕ್ಕೆ ಇದ್ದಿಲನ್ನೋ, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನನ್ನೋ ಸೇರಿಸುತ್ತಾರೆ. ಬಣ್ಣ, ಸೀಸ, ಕ್ರೋಮಿಯಂ ಅದರ ಮೈಗೆ ಅಂಟುತ್ತವೆ. ಮ್ಯಾಗ್ನೆಟ್ ಹಿಡಿದರೆ ಪುಡಿಯೆಲ್ಲ ಒಂದು ಪಕ್ಕಕ್ಕೆ ಬರುತ್ತದೆ, ಸೋಸುವ ರಗಳೆ ಇಲ್ಲ. ಆದರೆ ಪ್ರಯೋಗಾಲಯದ ಬೀಕರಿನಲ್ಲಿ ಇರುವುದು ಸಾಮಾನ್ಯವಾಗಿ ಬಟ್ಟಿ ಇಳಿಸಿದ ನೀರು, ಅದಕ್ಕೆ ಅಳೆದು ಹಾಕಿದ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ನಮ್ಮ ವೃಷಭಾವತಿಯಲ್ಲಿ ಸೋಪು, ಉಪ್ಪು, ಕಕ್ಕಸಿನ ನೀರು ಎಲ್ಲಾ ಇದೆ. ಪುಡಿ ಮೇಲಿನ ಜಾಗವನ್ನೆಲ್ಲ ಇವೇ ಹಿಡಿದು ಕೂತರೆ ಬಣ್ಣಕ್ಕೆ ಸೀಟೆಲ್ಲಿ? ಮಿಥಿಲೀನ್ ಬ್ಲೂ ಚೆನ್ನಾಗಿ ಅಂಟಲು ನೀರು ಸ್ವಲ್ಪ ಕ್ಷಾರವಾಗಿರಬೇಕು. ಕ್ರೋಮಿಯಂನ ವಿಷದ ರೂಪವಾದ ಕ್ರೋಮಿಯಂ 6ಕ್ಕೆ ಹುಳಿ ಬೇಕು. ಇಬ್ಬರನ್ನೂ ಒಂದೇ ತೊಟ್ಟಿಯಲ್ಲಿ ಒಲಿಸುವುದು ಹೇಗೋ. ಕೊನೆಗೆ ಮತ್ತೆ ಬಳಸಲೆಂದು ಪುಡಿ ತೊಳೆದ ವಿಷದ ನೀರನ್ನು ಎಲ್ಲಿ ಸುರಿಯುತ್ತಾರೆ? ವೃಷಭಾವತಿಗೇ ಅಲ್ವಾ?

ಅಷ್ಟಕ್ಕೂ ಪುಡಿ ಹಾಕಲು ನೀರು ತೊಟ್ಟಿಗೆ ಬರಬೇಕಲ್ಲ! ಕದ್ದು ಪೈಪ್ ಹಾಕಿ ನದಿಗೆ ಬಣ್ಣದ ನೀರು ಬಿಡುವವರು ಬಿಡುವುದು ರಾತ್ರಿ ಹನ್ನೊಂದರ ಮೇಲೆ. ಸಾಹೇಬರು ನೀರಿನ ಸ್ಯಾಂಪಲ್ಲಿಗೆ ಬಾಟಲಿ ಹಿಡಿದು ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ದೂರು ಕೊಡಲು ಹೋದರೆ "ನಮ್ಮ ವ್ಯಾಪ್ತಿಗೆ ಬರಲ್ಲ". 2019ರಲ್ಲಿ ನಮ್ಮ ಬೀದಿಯ ಮೋರಿ ಚಪ್ಪಡಿ ಮುರಿದಾಗಲೂ ಇದೇ ಮಾತು. ಈಗಲೂ ಆ ಗುಂಡಿಯಲ್ಲಿ ಯಾರೋ ಸಿಕ್ಕಿಸಿದ ತೆಂಗಿನ ಗರಿ ನಿಂತಿದೆ. ಬೀದಿದೀಪದ ಕಥೆ ಇನ್ನೊಂದು ಪತ್ರಕ್ಕಾಗುತ್ತದೆ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಅದೇ ನೀರು ಬೈರಮಂಗಲ ಕೆರೆಗೆ ಹೋಗುವ ಹೊತ್ತಿಗೆ ಬರೀ ನೊರೆ. ಅಲ್ಲಿನ ರೈತರು ಯಾವ ಪಂಚೆ ಉಡಬೇಕು?

ಬೇಗ ಆ ಪುಡಿ ತರಿಸಿ. ಇಲ್ಲವೇ ಪೈಪ್ ಮುಚ್ಚಿಸಿ. ಎರಡೂ ಆಗದಿದ್ದರೆ ಚಪ್ಪಡಿಯನ್ನಾದರೂ ಹಾಕಿಸಿ. ಸುಮ್ನೆ ಕೂರಬೇಡಿ. ಪಂಚೆ ಮತ್ತೆ ಒಗೆಯದೆ ಇನ್ನೊಂದು ವಾರ ಇಟ್ಟಿರುತ್ತೇನೆ, ಸ್ಯಾಂಪಲ್ ಬೇಕಾದ ಸಾಹೇಬರು ಬಂದು ಒಯ್ಯಬಹುದು.

– ನಿವೃತ್ತ ಮೇಷ್ಟ್ರು, ಕೆಂಗೇರಿ