ಡಬ್ಬ ವಾಪಸ್ ಬಂತು, ಲೆನ್ಸ್ ಬರಲಿಲ್ಲ

ಲೋ ಮಂತ್ರಿ,

ಫೋನ್ ಮಾಡಿದರೆ ನೀನು ಮೊದಲು ನಗುತ್ತೀಯ, ಆಮೇಲೆ ಕೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣೋ ಹಾಗೆ ಯಾಕೆ ಅಂದರೆ, ನಾಲ್ಕು ಜನ ನೋಡುತ್ತಿದ್ದರೆ ನೀನು ಸ್ವಲ್ಪ ಮರ್ಯಾದೆಯಿಂದ ಉತ್ತರ ಕೊಡಬಹುದು ಅನ್ನೋ ಆಸೆ. ನೋಡುತ್ತಿರುವ ನಾಲ್ಕು ಜನರಿಗೂ ನಮಸ್ಕಾರ. ಇವನ ಮಾತು ನಂಬಬೇಡಿ. ಛತ್ರಿ ವಿಷಯದಲ್ಲಂತೂ ನಂಬಲೇಬೇಡಿ.

ನನ್ನ ಕ್ಯಾಮೆರಾದ 85 ಎಂಎಂ ಲೆನ್ಸ್ ಮಾರಿದೆ ಕಣೋ. ಹೌದು, ಅದೇ. ಆನ್‌ಲೈನ್‌ನಲ್ಲಿ ಹಾಕಿದೆ. ದುಡ್ಡು ಬಂತು, ಹನ್ನೊಂದು ದಿನಕ್ಕೆ ದುಡ್ಡು ವಾಪಸ್ ಹೋಯಿತು, ಲೆನ್ಸ್ ವಾಪಸ್ ಬಂತು. ಆದರೆ ಬಂದದ್ದು ನನ್ನದಲ್ಲ.

ನಾನೇನು ಪೆದ್ದ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತು ಹಾಕಿದ ಅರ್ಧ ಗಂಟೆಗೇ ಶುರುವಾಯಿತು. 'ಇನ್ನೂ ಇದೆಯಾ?' ಇದೆ ಅಂದರೆ ಮಾತೇ ಇಲ್ಲ. ಇನ್ನೊಬ್ಬ ಫೋಟೋ ಕೂಡ ಸರಿಯಾಗಿ ನೋಡದೆ, ಚೌಕಾಸಿ ಮಾಡದೆ, ಹೇಳಿದಷ್ಟಕ್ಕೆ ಒಪ್ಪಿಕೊಂಡ. ಅಲ್ಲೇ ನನಗೆ ಅನುಮಾನ. ಹಳೆ ವಸ್ತು ಕೊಳ್ಳುವವನು ಚೌಕಾಸಿ ಮಾಡಲಿಲ್ಲ ಅಂದರೆ ಅವನಿಗೆ ವಸ್ತು ಬೇಕಾಗಿಲ್ಲ ಅಂತಲೇ ಅರ್ಥ. ಮರುದಿನ ಮೇಲ್ ಬಂತು, ಬ್ಯಾಂಕಿನದೇ ಅನ್ನೋ ಥರ. ಕೊಳ್ಳುವವರು ತಪ್ಪಿ ಜಾಸ್ತಿ ದುಡ್ಡು ಹಾಕಿದ್ದಾರೆ, ಉಳಿದದ್ದನ್ನು ಲೆನ್ಸ್ ಒಯ್ಯಲು ಬರುವವನ ಕೈಗೆ ಕೊಡಿ ಅಂತ. ಮೇಲ್‌ನಲ್ಲಿ ದುಡ್ಡು ಇತ್ತು, ಖಾತೆಯಲ್ಲಿ ಇರಲಿಲ್ಲ. ಬ್ಲಾಕ್ ಮಾಡಿದೆ. ಮೂರನೆಯವನು ದುಡ್ಡು ಕಟ್ಟಿದ ಮೇಲೆ ವಿಳಾಸ ಬೇರೆ, ಅಲ್ಲಿಗೆ ಕಳಿಸಿ ಅಂದ. ಬೇರೆ ವಿಳಾಸಕ್ಕೆ ಕಳಿಸಿದರೆ ನಾಳೆ ತಲುಪಿಲ್ಲ ಅಂದಾಗ ನನ್ನ ಪರ ನಿಲ್ಲುವವರು ಯಾರೂ ಇಲ್ಲ. ಅವನ ಆರ್ಡರ್ ರದ್ದು ಮಾಡಿದೆ. ನೋಡು, ಎಷ್ಟು ಹುಷಾರು ನಾನು!

ನಾಲ್ಕನೆಯವನು ಸಭ್ಯ. ಚೌಕಾಸಿ ಮಾಡಿದ. ಒಳಗಿನ ಗಾಜಿಗೆ ಫಂಗಸ್, ಅಂದರೆ ಬೂಷ್ಟು, ಹಿಡಿದಿದೆಯಾ, ಫೋಕಸ್ ರಿಂಗ್ ಸಲೀಸಾಗಿ ತಿರುಗುತ್ತಾ, ಎಲ್ಲ ಕೇಳಿದ. ಇವನಿಗೆ ಲೆನ್ಸ್ ಬಗ್ಗೆ ಗೊತ್ತು ಅಂತ ನನಗೆ ಖುಷಿ. ಗೊತ್ತಿತ್ತು, ನಿಜವಾಗಿಯೂ.

ತಲುಪಿದ ಎರಡನೇ ದಿನ ದೂರು: ಒಳಗೆ ಫಂಗಸ್ ಇದೆ, ಮುಚ್ಚಿಟ್ಟು ಮಾರಿದ್ದಾರೆ. ನಾನು ತಕ್ಷಣ ಬರೆದೆ: 'ಕ್ಷಮಿಸಿ. ನನ್ನ ಹತ್ತಿರ ಇದ್ದಾಗ ಸರಿಯಾಗಿಯೇ ಇತ್ತು. ನಾನೇ ಸರಿಯಾಗಿ ನೋಡಲಿಲ್ಲವೇನೋ.' ಈ ಸಾಲು ನೆನಪಿಟ್ಟುಕೋ.

ಡಬ್ಬ ವಾಪಸ್ ಬಂತು. ಡಬ್ಬ ನನ್ನದೇ. ಬಬಲ್ ರ‍್ಯಾಪ್ ನನ್ನದೇ, ಅದರ ತುದಿಗೆ ನಾನು ಅಂಟಿಸಿದ್ದ ಟೇಪಿನ ಚೂರು ಕೂಡ ಹಾಗೇ ಇತ್ತು. ಅದೇ ಕಂಪನಿ, ಅದೇ ಮಾಡೆಲ್. ಕೈಗೆ ತೆಗೆದುಕೊಂಡಾಗಲೇ ಏನೋ ಬೇರೆ ಅನಿಸಿತು. ಫೋಕಸ್ ರಿಂಗ್ ತಿರುಗಿಸಿದರೆ ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಕರಕರ ಅಂತು. ಎರಡು ಕಡೆ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟೆ. ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಚೆನ್ನಾಗಿ ಬೆಳೆದ ಫಂಗಸ್, ವರ್ಷಗಟ್ಟಲೆ ಸಾಕಿದ್ದು. ತನ್ನ ಹಾಳಾದ ಲೆನ್ಸನ್ನು ನನ್ನ ಡಬ್ಬದಲ್ಲಿಟ್ಟು, ನನ್ನ ಒಳ್ಳೆಯದನ್ನು ಇಟ್ಟುಕೊಂಡು, ದುಡ್ಡನ್ನೂ ವಾಪಸ್ ತೆಗೆದುಕೊಂಡಿದ್ದ.

ಸರಿ, ಕೆಟ್ಟ ರೇಟಿಂಗ್ ಆದರೂ ಕೊಡೋಣ ಅಂತ ಹೋದೆ. ಕೊಳ್ಳುವವನಿಗೆ ಕೊಡೋ ಹಾಗೇ ಇಲ್ಲ! ಕೂತು ಓದಿದೆ. ಆನ್‌ಲೈನ್ ಮಾರಾಟದ ಸೈಟ್ ಇಬೇಯವರು 1996ರಲ್ಲಿ ಈ ರೇಟಿಂಗ್ ಪದ್ಧತಿ ತಂದಾಗ ಇಬ್ಬರೂ ಒಬ್ಬರಿಗೊಬ್ಬರು ಕೊಡಬಹುದಿತ್ತು. 2008ರಲ್ಲಿ ಅವರು ಅದನ್ನು ನಿಲ್ಲಿಸಿ, ಮಾರುವವರು ಕೆಟ್ಟದ್ದು ಬರೆಯೋ ಹಾಗಿಲ್ಲ ಅಂದರು. ಯಾಕೆ ಗೊತ್ತಾ? ನೀನು ನನಗೆ ಕೆಟ್ಟದ್ದು ಬರೆದರೆ ನಾನೂ ಬರೆಯುತ್ತೇನೆ ಅಂತ ಮಾರುವವರು ಸೇಡು ತೀರಿಸಿಕೊಳ್ಳುತ್ತಿದ್ದರಂತೆ, ಕೊಳ್ಳುವವರು ನಿಜ ಹೇಳಲು ಹೆದರುತ್ತಿದ್ದರಂತೆ. ಅಂದರೆ ಮಾರುವವರ ಬಾಯಿ ಕಟ್ಟಿಸಿದ್ದು ಮಾರುವವರೇ.

ಜಾರ್ಜ್ ಅಕರ್ಲಾಫ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ 1970ರಲ್ಲೇ ಹಳೆ ಕಾರಿನ ವ್ಯಾಪಾರದ ಬಗ್ಗೆ ಬರೆದಿದ್ದಾರೆ. ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರಲ್ಲ, ಅದರಿಂದ ಇಡೀ ಸಂತೆಯೇ ಕೆಡುತ್ತದೆ ಅಂತ. 2001ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಶುರುವಾಯ್ತು ಪ್ರವಚನ ಅನ್ನಬೇಡ, ಮುಂದೆ ಕೇಳು. ಕೊರಿಯರ್‌ನವನ ಕೈಗೆ ಡಬ್ಬ ಕೊಟ್ಟ ಗಳಿಗೆಯಿಂದ ಅದು ತಿರುಗುಮುರುಗು. ಒಳಗೆ ಏನಿದೆ ಅಂತ ಗೊತ್ತಿರೋದು ಕೊಂಡವನಿಗೆ ಮಾತ್ರ. ಕಾರ್ಡಿನಲ್ಲಿ ಬಂದ ದುಡ್ಡಂತೂ ಬಂದರೂ ಬಂದ ಹಾಗಲ್ಲ. ವಸ್ತು ಸಿಕ್ಕಿಲ್ಲ ಅಂತ ಬ್ಯಾಂಕಿನಲ್ಲಿ ತಕರಾರು ಹಾಕಲು ಎಷ್ಟೋ ಸಲ 120 ದಿನದವರೆಗೂ ಅವಕಾಶ ಇರುತ್ತದೆ. ತಾನೇ ಕೊಂಡು, ಮನೆಯಲ್ಲಿ ಇಟ್ಟುಕೊಂಡು, ಸಿಕ್ಕಿಲ್ಲ ಅನ್ನುವ ಈ ಕೆಲಸಕ್ಕೆ ಆ ಕ್ಷೇತ್ರದವರು ಇಟ್ಟ ಹೆಸರು ಕೇಳು: ಫ್ರೆಂಡ್ಲಿ ಫ್ರಾಡ್! ನನಗೆ ತಕ್ಷಣ ನೀನೇ ನೆನಪಾದೆ.

ಇಲ್ಲಿವರೆಗೆ ಬರೆಯಬೇಕು ಅಂತಿದ್ದೆ. ಮುಂದಿನದು ಪ್ಲಾನಿನಲ್ಲಿ ಇರಲಿಲ್ಲ.

ಸೈಟಿನವರು ಕೇಳಿದ್ದು ಒಂದೇ ಪ್ರಶ್ನೆ. ನೀವು ಕಳಿಸಿದ ಲೆನ್ಸಿನ ಸೀರಿಯಲ್ ನಂಬರ್ ಏನು? ಬರೆದಿಟ್ಟಿರಲಿಲ್ಲ. ಫೋಟೋ ತೆಗೆದಿರಲಿಲ್ಲ. ಇಷ್ಟು ವರ್ಷ ಕಂಡಕಂಡದ್ದರ ಫೋಟೋ ತೆಗೆದೆ, ಆ ಒಂದು ಅಂಗುಲ ಜಾಗದ್ದು ತೆಗೆಯಲಿಲ್ಲ. ಆಮೇಲೆ ಹೊಳೆಯಿತು. ಫೋಟೋ ಫೈಲಿನ ಒಳಗೆ ಎಕ್ಸಿಫ್ ಅಂತ ಮಾಹಿತಿ ಕೂತಿರುತ್ತದಲ್ಲ, ದಿನಾಂಕ, ಶಟರ್ ಸ್ಪೀಡ್ ಎಲ್ಲ. 2010ರಲ್ಲಿ ಬಂದ ಎಕ್ಸಿಫ್ 2.3ರಲ್ಲಿ ಲೆನ್ಸಿನ ಸೀರಿಯಲ್ ನಂಬರಿಗೂ ಜಾಗ ಮಾಡಿಕೊಟ್ಟಿದ್ದಾರೆ. ಎಲ್ಲ ಕ್ಯಾಮೆರಾಗಳೂ ಬರೆಯಲ್ಲ, ನನ್ನದು ಬರೆಯುತ್ತದೆ. ಹಳೆ ಫೋಟೋ ಅಷ್ಟನ್ನೂ ನಂಬರ್ ಪ್ರಕಾರ ವಿಂಗಡಿಸಿದೆ.

85ರ ನಂಬರ್ ಸಿಕ್ಕಿತು. ಕಳಿಸಿದೆ. ಆ ಲೆನ್ಸ್ ನಿಮ್ಮ ಹತ್ತಿರ ಇತ್ತು ಅಂತ ಇದು ಹೇಳುತ್ತದೆ, ಅದನ್ನೇ ಡಬ್ಬಕ್ಕೆ ಹಾಕಿದಿರಿ ಅಂತ ಹೇಳಲ್ಲ ಅಂದರು. ಸತ್ಯವೇ. ಸೋತೆ.

ಆದರೆ ಆ ಪಟ್ಟಿಯಲ್ಲಿ ಇನ್ನೊಂದು ನಂಬರ್ ಇತ್ತು ಕಣೋ. 35 ಎಂಎಂದು. ಅದರಲ್ಲಿ 612 ಫೋಟೋ, ಬರೀ ಎರಡು ದಿನದವು. ಅದಕ್ಕೆ ಮೊದಲು ಒಂದೂ ಇಲ್ಲ, ಆಮೇಲೂ ಒಂದೂ ಇಲ್ಲ.

ನಿನ್ನ ಮದುವೆ.

ಒಬ್ಬರ ಹತ್ತಿರ ಆನ್‌ಲೈನ್‌ನಲ್ಲೇ ಕೊಂಡಿದ್ದೆ, ಸೆಕೆಂಡ್ ಹ್ಯಾಂಡ್. ಮೂರನೇ ದಿನ ವಾಪಸ್ ಕಳಿಸಿದೆ. ಕಾರಣ ಕೇಳಿದ ಕಡೆ 'ಫೋಕಸ್ ಸರಿ ಇಲ್ಲ' ಅಂತ ಬರೆದೆ. ನಿಮ್ಮ ಹಾಲ್‌ನಲ್ಲಿ ದೊಡ್ಡದು ಮಾಡಿಸಿ ಹಾಕಿಕೊಂಡಿದ್ದೀರಲ್ಲ, ನೀನು ಕಣ್ಣು ಮುಚ್ಚಿ ನಗುತ್ತಿರೋದು, ಅದು ಆ ಲೆನ್ಸಿನದು. ಹೋಗಿ ಹತ್ತಿರದಿಂದ ನೋಡು. ನಿನ್ನ ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದು.

ಆ ಮನುಷ್ಯ ಆಗ ಬರೆದ ಮೆಸೇಜ್ ಹುಡುಕಿ ತೆಗೆದೆ. ಹುಡುಕಬಾರದಿತ್ತು. 'ಕ್ಷಮಿಸಿ. ನನ್ನ ಹತ್ತಿರ ಇದ್ದಾಗ ಸರಿ ಇತ್ತು. ನಾನೇ ಇನ್ನೊಂದು ಸಲ ನೋಡಿ ಕಳಿಸಬೇಕಿತ್ತು.' ದುಡ್ಡು ಅದೇ ಸಂಜೆ ವಾಪಸ್ ಕೊಟ್ಟಿದ್ದರು. ಹೋಗಿ ಬರುವ ಕೊರಿಯರ್ ಖರ್ಚೂ ಅವರದೇ. ನಾನು ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ. ಆಮೇಲೆ ಅವರು ಆ ಲೆನ್ಸನ್ನು ಫೋಕಸ್ ಸರಿ ಇಲ್ಲ ಅಂತ ಹೇಳಿಯೇ ಮಾರಿರುತ್ತಾರೆ ಕಣೋ. ಅಂಥವರು ಅನಿಸುತ್ತದೆ. ಇಲ್ಲದ ದೋಷ ಹೇಳಿ, ಕಡಿಮೆ ದುಡ್ಡಿಗೆ.

ನಾನು ಲೆನ್ಸ್ ಬದಲಾಯಿಸಲಿಲ್ಲವಲ್ಲ, ಇವನ ಹಾಗೆ ಅಲ್ಲವಲ್ಲ ಅಂತ ಎರಡು ದಿನ ವಾದ ಮಾಡಿದೆ, ನನ್ನ ಜೊತೆಗೇ. ಬಾಡಿಗೆಗೆ ತಂದ ಹಾಗೆ ಅಂದುಕೊಂಡಿದ್ದೆ, ಅಷ್ಟೇ. ಬಾಡಿಗೆ ಒಂದು ಕೊಡಲಿಲ್ಲ.

ಅವರ ಖಾತೆ ಈಗಲೂ ಇದೆ. ಮೆಸೇಜ್ ಟೈಪ್ ಮಾಡಿದೆ, ಅಳಿಸಿದೆ. ಏನಂತ ಬರೆಯೋದು ಹೇಳು, 'ಇನ್ನೂ ಇದೆಯಾ?' ಅಂತಲಾ?

ಸರಿ ಬಿಡು, ಜಾಸ್ತಿ ಆಯಿತು. ಈಗ ನಾನು ಹೊಸ ಮನುಷ್ಯ. ಟ್ರೈಪಾಡ್ ಮಾರಲು ಇಟ್ಟಿದ್ದೆ, ನಿನ್ನೆ ಹೋಯಿತು. ಸೀರಿಯಲ್ ನಂಬರ್ ಇಲ್ಲದ ಟ್ರೈಪಾಡಿಗೆ ಮೂರು ಕಾಲಿಗೂ ಗುರುತು ಹಾಕಿ ಫೋಟೋ ತೆಗೆದೆ. ಟೇಪಿನ ಮೇಲೆ ಸಹಿ ಹಾಕಿದೆ. ರಶೀದಿಯಲ್ಲಿ ತೂಕ ಬರೆಸಿದೆ. ಪ್ಯಾಕ್ ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವಿಡಿಯೋದಲ್ಲಿ, ಎಲ್ಲೂ ಕಟ್ ಇಲ್ಲದೆ, ಹಿಡಿದೆ. ರಾತ್ರಿ ಕೂತು ನೋಡಿದರೆ ಹನ್ನೆರಡು ನಿಮಿಷವೂ ಬರೀ ನನ್ನ ಬೋಳು ತಲೆ. ಟ್ರೈಪಾಡ್ ಎಲ್ಲೂ ಇಲ್ಲ. ಫೋಕಸ್ ಮಾತ್ರ ಅದ್ಭುತ.

ನಗು ಮುಗಿದ ಮೇಲೆ ಫೋನ್ ಮಾಡು. ಆ ಫೋಟೋ ಗೋಡೆಯಿಂದ ತೆಗೆಯಬೇಡ, ನಿನ್ನ ಹೆಂಡತಿಗೆ ಏನೂ ಹೇಳಬೇಡ. ಓ, ಅವರು ಇದನ್ನು ಓದುತ್ತಾರಲ್ಲ. ನಮಸ್ಕಾರ ಅತ್ತಿಗೆ. ಛತ್ರಿ ಇವನ ಹತ್ತಿರವೇ ಇದೆ.

ಇಂತಿ,
ನಿನ್ನ ಫ್ರೆಂಡ್ಲಿ ಫ್ರಾಡ್