ಬಿಳಿ ಪುಡಿ ಕಂಡರೆ ಅಲ್ಲೇ ನಿಲ್ಲು

ಪ್ರೀತಿಯ ಪುಟ್ಟಿ,

ನಾಳೆ ಅಣು ರಿಯಾಕ್ಟರಿನ ಲ್ಯಾಬಿನಲ್ಲಿ ನಿನ್ನ ಮೊದಲ ದಿನ. ನಿನ್ನೆ ಫೋನಿನಲ್ಲಿ ಬೋರಿಕ್ ಆಮ್ಲದ ಸೋರಿಕೆ ಬಗ್ಗೆ ಹುಷಾರು ಅಂದಾಗ "ಸುಮ್ನೆ ಹೆದರ್ತೀಯ ಅಮ್ಮ" ಅಂದೆಯಲ್ಲ, ಅದಕ್ಕಷ್ಟೇ ಉತ್ತರ ಕೊಡುತ್ತೇನೆ.

ಆ ಆಮ್ಲದಲ್ಲಿರುವ ಮೂಲವಸ್ತು ಬೋರಾನ್ ನಿನಗೆ ಹೊಸದಲ್ಲ. ಹಸಿರು ಜ್ವಾಲೆ, ಬಿಸಿಗೆ ಸೀಳದ ಗಾಜು, ಅದೆಲ್ಲ ಇಬ್ಬರೂ ಸೇರಿ ನೋಡಿದ್ದೇ, ಬಿಡು. ರಿಯಾಕ್ಟರಿಗೆ ಬೇಕಾಗುವುದು ಅದರದೇ ಒಂದು ಬಗೆ, ಬೋರಾನ್-10 ಅನ್ನುವ ಐಸೋಟೋಪ್. ನಿಸರ್ಗದ ಬೋರಾನಿನಲ್ಲಿ ಅದು ಸುಮಾರು 20% ಮಾತ್ರ. ನ್ಯೂಟ್ರಾನನ್ನು ಗಬಕ್ಕನೆ ನುಂಗಿ ಲಿಥಿಯಂ, ಹೀಲಿಯಂ ಆಗಿ ಒಡೆಯುತ್ತದೆ. ಇಂಧನದ ಪರಮಾಣುಗಳನ್ನು ಒಡೆಯುವುದು ಆ ನ್ಯೂಟ್ರಾನುಗಳೇ, ಅವು ಹಿಡಿತ ಮೀರದಿರಲಿ ಅಂತಲೇ ರಿಯಾಕ್ಟರಿನ ನೀರಿಗೆ ಬೋರಿಕ್ ಆಮ್ಲ ಬೆರೆಸುವುದು. ಇಂಧನ ಸವೆದ ಹಾಗೆ ಆಮ್ಲವನ್ನೂ ಇಳಿಸುತ್ತಾ ಬರುತ್ತಾರೆ. ಆ ಅಳತೆ ಇನ್ನು ನನ್ನ ಮಗಳ ಕೈಯಲ್ಲಿ. ಎಷ್ಟು ಜನರಿಗೆ ಹೇಳಿಕೊಂಡಿದ್ದೇನೆ ಗೊತ್ತಾ!

ಆದರೆ ರಾತ್ರಿ ನಿದ್ದೆ ಬರದಿದ್ದರೆ ಅಮೆರಿಕದ ಓಹಾಯೋದಲ್ಲಿರುವ ಡೇವಿಸ್-ಬೆಸ್ಸಿ ಸ್ಥಾವರವೇ ನೆನಪಾಗುತ್ತದೆ. ಬೋರಿಕ್ ಆಮ್ಲ ಎಷ್ಟು ಸಾಧು, ಕಣ್ಣು ತೊಳೆಯುವ ದ್ರಾವಣಕ್ಕೂ ಹಾಕುತ್ತಾರೆ. ಅಲ್ಲಿ ಅದೇ ಆಮ್ಲದ ನೀರು ಒಂದು ಬಿರುಕಿನಿಂದ ಜಿನುಗಿತು. ಬಿಸಿಗೆ ನೀರು ಆರಿ ಆಮ್ಲದ ಸಾಂದ್ರತೆ ಏರಿತು, ಉಕ್ಕನ್ನು ತಿನ್ನುತ್ತಾ ಹೋಯಿತು. 2002ರಲ್ಲಿ ನೋಡಿದರೆ ರಿಯಾಕ್ಟರಿನ ಮುಚ್ಚಳದ 16 ಸೆಂಟಿಮೀಟರ್ ದಪ್ಪದ ಉಕ್ಕು ಒಂದು ಕಡೆ ಪೂರ್ತಿ ಮಾಯ. ಉಳಿದಿದ್ದು ಒಳಗಿನ ಸ್ಟೇನ್‌ಲೆಸ್ ಪದರ, ಒಂದು ಸೆಂಟಿಮೀಟರ್‌ಗೂ ಕಡಿಮೆ. ಅಷ್ಟೇ ಇಡೀ ಒತ್ತಡವನ್ನು ತಡೆದು ನಿಂತಿತ್ತು! ಮುಚ್ಚಳದ ಮೇಲೆ ಒಣಗಿದ ಆಮ್ಲದ ಪುಡಿ ಕೂತಿದ್ದು ಮೊದಲೇ ಕಣ್ಣಿಗೆ ಬಿದ್ದಿತ್ತು. ಗಾಳಿ ಸೋಸುವ ಫಿಲ್ಟರುಗಳು ತುಕ್ಕಿನಿಂದ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದವು. ಆ ತುಕ್ಕು ಎಲ್ಲಿಂದ ಬರುತ್ತಿದೆ ಅಂತ ಬೆನ್ನು ಹತ್ತಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದೇ ಅಲ್ಲಿ.

ಹಾಗಾಗಿ ಪುಟ್ಟಿ, ಪೈಪಿನ ಜಾಯಿಂಟಿನಲ್ಲಿ ಚಿಟಿಕೆ ಬಿಳಿ ಪುಡಿ ಕಂಡರೂ ಒರೆಸಿ ಮುಂದೆ ಹೋಗಬೇಡ. ಬರೆದಿಡು. ಫೋಟೊ ತೆಗೆಸು. ಪುಡಿಗೆ ತುಕ್ಕಿನ ಬಣ್ಣ ಬಂದಿದ್ದರೆ ಆಗಲೇ ಹೇಳು. "ಇದೆಲ್ಲ ಮಾಮೂಲಿ" ಅಂತ ದೊಡ್ಡವರು ಅಂದರೂ ಇನ್ನೊಂದು ಸಲ ಕೇಳು. ಹೊಸಬಳು ಅಂತ ಸಂಕೋಚ ಪಡಬೇಡ. ಪಾಠ ಶುರು ಮಾಡಿದೆ ಅಂತ ಸಿಟ್ಟು ಬಂತಾ? ಬರಲಿ, ಆದರೆ ಮರೆಯಬೇಡ.

ಇನ್ನೊಂದು. ಬೋರಿಕ್ ಆಮ್ಲ ತೀರಾ ದುರ್ಬಲ, ಹಾಗೇ ಟೈಟ್ರೇಷನ್ ಮಾಡಿದರೆ, ಅಂದರೆ ಕ್ಷಾರವನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಆಮ್ಲವನ್ನು ಅಳೆದರೆ, ಕೊನೆಯ ಬಿಂದು ಸ್ಪಷ್ಟವಾಗಿ ಸಿಗುವುದಿಲ್ಲ. ಸಕ್ಕರೆಯಂಥ ಮ್ಯಾನಿಟಾಲ್ ಹಾಕಿದರೆ ಆಮ್ಲದ ಗುಣ ಜೋರಾಗುತ್ತದೆ, ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಕ್ಷಾರಕ್ಕೆ ಸೂಚಕದ ಬಣ್ಣ ಸರಿಯಾಗಿ ತಿರುಗುತ್ತದೆ. ಮ್ಯಾನಿಟಾಲ್ ಹಾಕುವುದರಲ್ಲಿ ಜಿಪುಣತನ ಮಾಡಬೇಡ. ನಿಮ್ಮಲ್ಲಿ ಕೈಯಿಂದ ಮಾಡುತ್ತಾರಾ, ಯಂತ್ರದಲ್ಲಾ? ತಿಳಿಸು.

ನಿನ್ನ
ಅಮ್ಮ