ಗಿಟಾರ್ ಅನ್ನು ಓಪನ್ ಜಿಗೆ ಟ್ಯೂನ್ ಮಾಡುವವರಿಗೆ

ಎಲ್ಲರ ಗಮನಕ್ಕೆ: ಓಪನ್ ಜಿಗೆ (ಬೆರಳು ಒತ್ತದೆ ಮೀಟಿದರೇ ಜಿ ಮೇಜರ್ ಕಾರ್ಡ್, ಅಂದರೆ ಸ್ವರಗುಚ್ಛ, ನುಡಿಯುವ ಶ್ರುತಿ) ಯಾವ ತಂತಿಯನ್ನೂ ಮಾಮೂಲಿ ಶ್ರುತಿಗಿಂತ ಬಿಗಿ ಮಾಡಬೇಕಿಲ್ಲ. 6ನೇ (ಅತಿ ದಪ್ಪ) ಮತ್ತು 1ನೇ (ಅತಿ ತೆಳು) ತಂತಿಗಳನ್ನು ಇ ಯಿಂದ ಡಿ ಗೆ, 5ನೇದನ್ನು ಎ ಯಿಂದ ಜಿ ಗೆ ಇಳಿಸಿ. ಉಳಿದ ಮೂರನ್ನು ಹಾಗೇ ಬಿಡಿ.

ಇಳಿಸುವಾಗ ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಹೋಗಿ, ಮತ್ತೆ ಬಿಗಿ ಮಾಡುತ್ತಾ ಮೇಲೆ ಬಂದು ನಿಲ್ಲಿಸಿ. ಬರೀ ಇಳಿಸಿ ಬಿಟ್ಟರೆ ಪೆಗ್‌ನಲ್ಲಿ (ತಂತಿ ಬಿಗಿಸುವ ಬಿರಡೆ) ಉಳಿದ ಸಡಿಲ ನುಡಿಸುವಾಗ ಜಾರುತ್ತದೆ, ಶ್ರುತಿ ಕೆಡುತ್ತದೆ. ಬಹುತೇಕ ದೂರು ಇದರಿಂದಲೇ. ಆಮೇಲೆ 4ನೇ ತಂತಿಯ ಜೊತೆ 6 ಮತ್ತು 1ನ್ನು ಮೀಟಿ ನೋಡಿ, ಮೂರೂ ಡಿ. ನಾದ ಅಲೆಅಲೆಯಾಗಿ ತೂಗಿದರೆ ಇನ್ನೂ ಕೂಡಿಲ್ಲ.

5ನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಎಲ್ಲ ತಂತಿಗಳ ಮೇಲೆ ಬೆರಳು ಅಡ್ಡ ಒತ್ತಿದರೆ ಸಿ ಮೇಜರ್ ಕಾರ್ಡ್, 7ಕ್ಕೆ ಡಿ ಮೇಜರ್. ಮೀಟುವುದು 5ನೇ ತಂತಿಯಿಂದ. ಕಾರ್ಡಿನ ಮೂಲಸ್ವರ ಅಲ್ಲಿದೆ. 6ನೇದು ಸಡಿಲವಾಗಿರುವುದರಿಂದ ಜೋರಾಗಿ ಹೊಡೆದರೆ ಫ್ರೆಟ್‌ಗೆ ಬಡಿದು ಝರ್ ಎನ್ನುತ್ತದೆ.